ಯುದ್ಧಕಾಲ ಮತ್ತು ನಮ್ಮ ಮನೆಗಳ ಸಿದ್ಧತೆ

2025ನೇ ಇಸವಿಯ ಮೇ 7, ಬುಧವಾರ. ಆ ದಿನ ಕಥೋಲಿಕ ಕುಟುಂಬಗಳು ದೂರದರ್ಶನದ ಮುಂದೆ ಕುಳಿತು ಎರಡು ಸುದ್ದಿಗಳಿಗಾಗಿ ಕಾದವು. ರೋಮಿನಲ್ಲಿ ಕಾರ್ಡಿನಲರು ಹೊಸ ಜಗದ್ಗುರುಗಳ ಆಯ್ಕೆಗಾಗಿ ಸಿಸ್ಟೈನ್ ಪ್ರಾರ್ಥನಾಲಯವನ್ನು ಪ್ರವೇಶಿಸಿದ್ದರು. ಇತ್ತ, ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ನಡೆದ 26 ಜನರ ಹತ್ಯೆಗೆ ಪ್ರತಿಯಾಗಿ ನಮ್ಮ ಸೇನೆಯು ಅದೇ ದಿನ ನಸುಕಿನಲ್ಲಿ 'ಆಪರೇಷನ್ ಸಿಂಧೂರ' ಕಾರ್ಯಾಚರಣೆಯನ್ನು ನಡೆಸಿತ್ತು. ಒಂದು ಕಡೆ ಚಿಮಣಿಯ ಹೊಗೆಯ ಬಣ್ಣ, ಇನ್ನೊಂದು ಕಡೆ ಗಡಿಯ ಊರುಗಳ ಹೊಗೆ. ಮಕ್ಕಳು ಚಾನೆಲ್ಲು ಬದಲಿಸುತ್ತಿದ್ದರು. ಹಿರಿಯರು ಜಪಮಾಲೆ ಹಿಡಿದು ಕುಳಿತಿದ್ದರು.

ಅದೇ ದಿನ ಕೇಂದ್ರ ಗೃಹ ಸಚಿವಾಲಯದ ಸೂಚನೆಯಂತೆ ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಅಭ್ಯಾಸವೂ ನಿಗದಿಯಾಗಿತ್ತು. ಸೈರನ್ ಮೊಳಗಿಸುವುದು, ದೀಪಗಳನ್ನು ಒಮ್ಮೆಲೇ ಆರಿಸುವುದು, ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸುವುದು, ನಾಗರಿಕರಿಗೆ ಆತ್ಮರಕ್ಷಣೆಯ ತಿಳಿವಳಿಕೆ ಕೊಡುವುದು ಇವೆಲ್ಲ ಅದರ ಭಾಗಗಳು. ಕರ್ನಾಟಕದಿಂದ ಬೆಂಗಳೂರು, ಕಾರವಾರ, ರಾಯಚೂರುಗಳು ಆ ಪಟ್ಟಿಯಲ್ಲಿದ್ದವು. ಕಾರವಾರದ ಕಡೆ ಕೈಗಾ ಅಣುಸ್ಥಾವರ ಮತ್ತು ನೌಕಾನೆಲೆಗಳಿವೆ. ರಾಯಚೂರಿನ ಶಕ್ತಿನಗರದಲ್ಲಿ ಉಷ್ಣವಿದ್ಯುತ್ ಕೇಂದ್ರವಿದೆ. ಗದಗ ಜಿಲ್ಲೆ ಪಟ್ಟಿಯಲ್ಲಿರಲಿಲ್ಲ. "ನಮ್ಮ ಊರಿಗೆ ಯಾರು ಬಾಂಬು ಹಾಕಲು ಬರುತ್ತಾರೆ?" ಎಂದು ನಗುತ್ತ ಕೇಳಿದವರು ನಮ್ಮ ಧರ್ಮಕೇಂದ್ರದಲ್ಲಿಯೂ ಇದ್ದರು. ಮೇ 10ರಂದು ಕದನವಿರಾಮವಾಯಿತು. ನಗು ಮುಗಿಯಿತು, ಚರ್ಚೆಯೂ ಮುಗಿಯಿತು.

ಚರ್ಚೆಯನ್ನು ಅಷ್ಟು ಬೇಗ ಮುಗಿಸಬಾರದೆಂಬುದು ನಮ್ಮ ಅಭಿಪ್ರಾಯ. ಯುದ್ಧಕಾಲದ ಆಪತ್ತು ಬಾಂಬಿನ ರೂಪದಲ್ಲಿ ಮಾತ್ರ ಬರುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂತಹ ಒಳನಾಡಿನ ಊರುಗಳಿಗೆ ಅದು ಯಾವ ಬಾಗಿಲಿನಿಂದ ಬರುತ್ತದೆ, ಬಂದಾಗ ಸಾಮಾನ್ಯ ಮನೆಯೊಂದು ಎಷ್ಟು ದಿನ ತಾಳಬಲ್ಲದು ಎಂಬುದನ್ನು ಭಯವಿಲ್ಲದೆ, ಉದ್ವೇಗವಿಲ್ಲದೆ ವಿಚಾರಿಸುವುದು ಈ ಲೇಖನದ ಉದ್ದೇಶ.

ಅದಕ್ಕೂ ಮೊದಲು ನಮ್ಮದೇ ಮನೆಯ ಸಂಗತಿಯನ್ನು ಒಪ್ಪಿಕೊಳ್ಳಬೇಕು. ಆ ವಾರ ಒಂದು ರಾತ್ರಿ ಗಾಳಿಮಳೆಗೆ ವಿದ್ಯುತ್ ಹೋಯಿತು. ಅಣಕು ಅಭ್ಯಾಸ ನಮಗೂ ಆಗಲಿ ಎಂದು ಗುರುನಿವಾಸದಲ್ಲಿ ಟಾರ್ಚು ಹುಡುಕಿದೆವು. ಅದರೊಳಗಿನ ಸೆಲ್ಲುಗಳು ಕರಗಿ ಉಪ್ಪು ಹಿಡಿದಿದ್ದವು. ಮೇಣದಬತ್ತಿಗಳೇನೋ ದೇವಾಲಯದಲ್ಲಿ ಸಾಕಷ್ಟಿದ್ದವು. ಕಡ್ಡಿಪೆಟ್ಟಿಗೆ ಎಲ್ಲಿದೆ ಎಂಬುದು ಅಡುಗೆಯವರಿಗೆ ಮಾತ್ರ ತಿಳಿದಿತ್ತು, ಅವರು ಊರಿಗೆ ಹೋಗಿದ್ದರು. ಮೊಬೈಲ್ ಫೋನಿನಲ್ಲಿ ಉಳಿದಿದ್ದ ವಿದ್ಯುತ್ತು ಅರ್ಧ ಗಂಟೆಗೆ ಸಾಲುವಷ್ಟು. ವಿಶ್ವಾಸಿಗಳಿಗೆ ಎಚ್ಚರವಾಗಿರಿ ಎಂದು ಬೋಧಿಸುವ ನಾವು ನಮ್ಮದೇ ಮನೆಯಲ್ಲಿ ಕತ್ತಲಲ್ಲಿ ಕುಳಿತಿದ್ದೆವು. ಆಗ ಇನ್ನೊಂದು ವಿಷಯ ಹೊಳೆಯಿತು: ನಮ್ಮ ಧರ್ಮಕೇಂದ್ರದಲ್ಲಿ ಒಂಟಿಯಾಗಿ ವಾಸಿಸುವ ವೃದ್ಧರು ಯಾರು ಯಾರು, ಅವರಲ್ಲಿ ಈಗ ಯಾರ ಮನೆಯಲ್ಲಿ ಬೆಳಕಿದೆ ಎಂದು ಯಾರಾದರೂ ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಜ್ಞಾನಸ್ನಾನದ ಪುಸ್ತಕವಿತ್ತು, ವಿವಾಹದ ಪುಸ್ತಕವಿತ್ತು, ಮರಣದ ಪುಸ್ತಕವಿತ್ತು. ಬದುಕಿರುವವರ ಅಗತ್ಯಗಳ ಪುಸ್ತಕ ಇರಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಯುದ್ಧ ಈ ಭಾಗಕ್ಕೆ ಹೊಸದಲ್ಲ. 1858ರಲ್ಲಿ ಮುಂಡರಗಿ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಬ್ರಿಟಿಷರ ವಿರುದ್ಧ ಎದ್ದಾಗ ಈ ಮಣ್ಣಿನ ಮೇಲೆಯೇ ಕಾಳಗಗಳಾದವು. ಅನಂತರದ ಯುದ್ಧಗಳೆಲ್ಲ ದೂರದಲ್ಲಿ ನಡೆದರೂ ಇಲ್ಲಿಯ ಮನೆಗಳನ್ನು ಮುಟ್ಟದೆ ಬಿಡಲಿಲ್ಲ. ಬೆಟಗೇರಿಯಲ್ಲಿ 1841ರಿಂದ ಕೇಂದ್ರ ಹೊಂದಿದ್ದ ಬಾಸೆಲ್ ಮಿಷನ್ನಿನ ಬೋಧಕರಲ್ಲಿ ಅನೇಕರು ಜರ್ಮನಿಯವರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ, ಅದುವರೆಗೆ ಶಾಲೆ, ನೇಯ್ಗೆ, ಔಷಧೋಪಚಾರಗಳಲ್ಲಿ ತೊಡಗಿದ್ದ ಆ ಮಿಷನ್ನಿನ ಜರ್ಮನ್ನರು ಸರಕಾರದ ದೃಷ್ಟಿಯಲ್ಲಿ ಶತ್ರುದೇಶದ ಪ್ರಜೆಗಳಾದರು. ಅಹಮದ್‌ನಗರದಂತಹ ಬಂಧನ ಶಿಬಿರಗಳಿಗೆ ಅವರನ್ನು ಕಳುಹಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಆಕ್ರಮಿಸಿ ಅಲ್ಲಿಯ ಅಕ್ಕಿ ನಿಂತುಹೋದದ್ದು 1943ರ ಬಂಗಾಳದ ಕ್ಷಾಮಕ್ಕೆ ಒಂದು ಕಾರಣವಾಯಿತು. ನಾವಿಂದು ಸಾಲಿನಲ್ಲಿ ನಿಲ್ಲುವ ಪಡಿತರ ಅಂಗಡಿಯ ಮೂಲ ಆ ಯುದ್ಧಕಾಲದ ಪಡಿತರ ವ್ಯವಸ್ಥೆಯಲ್ಲಿದೆ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವೂ ಧಾನ್ಯದ ಕೊರತೆಯೂ ಕೂಡಿ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡುವಂತೆ ದೇಶವನ್ನು ಕೇಳಿಕೊಂಡರು. ಉಪವಾಸವನ್ನು ಬಲ್ಲ ನಮ್ಮ ಹಿರಿಯರಿಗೆ ಆ ಮಾತು ಬೇಗ ಅರ್ಥವಾಗಿರಬೇಕು.

ಇತ್ತೀಚಿನ ಉದಾಹರಣೆಯೂ ಉಂಟು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಭಾರತಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದ್ದೇ ಆಗಿತ್ತು. ಕೆಲವೇ ವಾರಗಳಲ್ಲಿ ಗದಗಿನ ಕಿರಾಣಿ ಅಂಗಡಿಯಲ್ಲಿ ಎಣ್ಣೆಯ ಪಾಕೀಟಿನ ಬೆಲೆ ಏರಿತು. ಶೇಂಗಾ, ಕುಸುಬೆ, ಸೂರ್ಯಕಾಂತಿಗಳನ್ನು ಬೆಳೆಯುವ ನಾಡಿನ ಗೃಹಿಣಿಯರು ಕಪ್ಪು ಸಮುದ್ರದ ಹಡಗುಗಳಿಗಾಗಿ ಕಾಯಬೇಕಾಗಿ ಬಂದದ್ದು ಯೋಚಿಸಬೇಕಾದ ವಿಷಯವಲ್ಲವೇ? ಅದೇ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆಹಾರ ತರಲೆಂದು ಆಶ್ರಯದಿಂದ ಹೊರಗೆ ಬಂದಿದ್ದಾಗ ಅವನಿಗೆ ಮೃತ್ಯು ಎದುರಾಯಿತು. ಅವನನ್ನು ಹೊರಗೆ ಬರುವಂತೆ ಮಾಡಿದ್ದು ತೀರಿಹೋದ ತಿಂಡಿ ಮತ್ತು ನೀರು. ಯುದ್ಧದ ಆಪತ್ತಿಗೂ ಮನೆಯ ಡಬ್ಬಿಗಳಿಗೂ ಇರುವ ಸಂಬಂಧವನ್ನು ಇದಕ್ಕಿಂತ ದುಃಖಕರವಾಗಿ ತೋರಿಸುವ ಘಟನೆ ನಮಗೆ ತಿಳಿದಿಲ್ಲ.

ಹಾಗಾದರೆ ಇಂದು ನಮ್ಮ ಮನೆಗಳ ಸ್ಥಿತಿ ಏನು? ಒಂದೊಂದಾಗಿ ನೋಡೋಣ.

ಮೊದಲು ನೀರು. ಈ ವಿಷಯದಲ್ಲಿ ನಾವು ಬೆಂಗಳೂರಿನವರಿಗಿಂತ ಹೆಚ್ಚು ಅನುಭವಿಗಳು. ಗದಗ-ಬೆಟಗೇರಿಯ ಜನ ವಾರಗಟ್ಟಲೆ ನಳದ ನೀರು ಬಾರದ ಬೇಸಿಗೆಗಳನ್ನು ಕಂಡವರು. ನೆಲದೊಳಗಿನ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮು, ಸಾಲು ಕೊಡಗಳು ಇಲ್ಲಿಯ ಮನೆಗಳ ಸಾಮಾನ್ಯ ದೃಶ್ಯ. ಆದರೆ ಈ ಸಂಗ್ರಹವೂ ಒಂದು ಪಂಪನ್ನು ನಂಬಿದೆ. ನಮ್ಮ ಊರುಗಳಿಗೆ ತುಂಗಭದ್ರೆಯ ನೀರು ತಾನಾಗಿ ಹರಿದು ಬರುವುದಿಲ್ಲ. ವಿದ್ಯುತ್ ಪಂಪುಗಳು ಎತ್ತಿ ಕಳುಹಿಸಿದರೆ ಮಾತ್ರ ಬರುತ್ತದೆ. ಆ ವಿದ್ಯುತ್ತಾದರೂ ಎಲ್ಲಿಯದು? 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ಇಡೀ ಭಾರತಕ್ಕೆ ಒಂದೇ ಜಾಲ. ಅದು ಬಲವೂ ಹೌದು, ಪರಸ್ಪರ ಅವಲಂಬನೆಯೂ ಹೌದು. ಅಣಕು ಅಭ್ಯಾಸದ ಪಟ್ಟಿಯಲ್ಲಿ ಗದಗ ಇಲ್ಲದಿರಬಹುದು. ರಾಯಚೂರಿನ, ಕೈಗಾದ ವಿದ್ಯುತ್ತಿಗೆ ಧಕ್ಕೆಯಾದರೆ ಮುಂಡರಗಿಯ ನಳವೂ ಒಣಗಬಹುದು. ಈ ಅರ್ಥದಲ್ಲಿ ಪಟ್ಟಿಯ ಹೊರಗೆ ಇರುವ ಊರು ಯಾವುದೂ ಇಲ್ಲ.

ಎರಡನೆಯದು ಒಲೆ. ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಕಟ್ಟಿಗೆಯ ಒಲೆಯಿತ್ತು, ಚಿಮಣಿ ಎಣ್ಣೆಯ ಸ್ಟೋವಿತ್ತು, ಕಂದೀಲು ಇತ್ತು. ಈಗ ಅಡುಗೆ ಅನಿಲ ಬಂದಿದೆ. ಹೊಗೆಯಿಂದ ತಾಯಂದಿರ ಕಣ್ಣು, ಎದೆಗಳನ್ನು ಉಳಿಸಿದ ಈ ಬದಲಾವಣೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಭಾರತ ಬಳಸುವ ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊರದೇಶಗಳಿಂದ ತರಿಸುತ್ತ ಬಂದಿದ್ದೇವೆ. ಅದರಲ್ಲಿ ಹೆಚ್ಚಿನದು ಕೊಲ್ಲಿ ದೇಶಗಳದ್ದು. ಅದು ಬರುವ ದಾರಿ ಹಾರ್ಮುಜ್ ಜಲಸಂಧಿ. 2025ರ ಜೂನ್ 13ರಿಂದ 24ರವರೆಗೆ ಇಸ್ರೇಲ್-ಇರಾನ್ ಯುದ್ಧ ನಡೆದಾಗ ಆ ಜಲಸಂಧಿಯನ್ನು ಮುಚ್ಚುವ ಮಾತು ಕೇಳಿಬಂದಿತು. ಶಿರಹಟ್ಟಿಯ ಅಡುಗೆಮನೆಯ ಬೆಂಕಿಯು ಅಷ್ಟು ದೂರದ ಒಂದು ಕಿರಿದಾದ ಸಮುದ್ರದಾರಿಯನ್ನು ನಂಬಿಕೊಂಡಿದೆ ಎಂಬುದನ್ನು ಆಗ ಅನೇಕರು ಮೊದಲ ಬಾರಿಗೆ ಅರಿತರು. ಎರಡನೆಯ ಸಿಲಿಂಡರು ಇರುವ ಮನೆಗೆ ಒಂದು ತಿಂಗಳ ನೆಮ್ಮದಿ. ಒಂದೇ ಸಿಲಿಂಡರಿನ ಮನೆಗೆ ಆ ನೆಮ್ಮದಿಯಿಲ್ಲ.

ಮೂರನೆಯದು ಹಣ ಮತ್ತು ಔಷಧಿ. ತರಕಾರಿ ಗಾಡಿಯಲ್ಲಿಯೂ ಫೋನಿನಿಂದಲೇ ಹಣ ಕೊಡುವ ಕಾಲವಿದು. ಆದರೆ 2025ರ ಏಪ್ರಿಲ್ 12ರಂದು ಯುದ್ಧದ ಸುಳಿವಿಲ್ಲದ ಶನಿವಾರ, ಈ ಯುಪಿಐ ವ್ಯವಸ್ಥೆ ದೇಶದಾದ್ಯಂತ ಕೆಲವು ಗಂಟೆ ತೊಡರಿಕೊಂಡಿತು. ಕಿಸೆಯಲ್ಲಿ ನೋಟಿಲ್ಲದವರು ಅಂಗಡಿಯ ಮುಂದೆ ಪೆಚ್ಚಾಗಿ ನಿಂತರು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದರೆ ಅಕ್ಕಿ. ಯಂತ್ರಕ್ಕೆ ಸಂಪರ್ಕ ಸಿಗದಿದ್ದರೆ "ನಾಳೆ ಬನ್ನಿ". ಇನ್ನು ಔಷಧಿಯ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಲ್ಲದ ಮನೆ ಈಗ ವಿರಳ. ಎಷ್ಟು ಮನೆಗಳಲ್ಲಿ ಒಂದು ವಾರಕ್ಕೆ ಹೆಚ್ಚುವರಿ ಮಾತ್ರೆಗಳಿವೆ? ಮಾತ್ರೆಯ ಹೆಸರು, ಪ್ರಮಾಣಗಳನ್ನು ಬರೆದಿಟ್ಟ ಚೀಟಿ ಎಷ್ಟು ಮನೆಗಳಲ್ಲಿದೆ? ನಾವು ವಿಚಾರಿಸಿದ ಮನೆಗಳಲ್ಲಿ ಹೆಚ್ಚಿನವರು "ಕೆಂಪು ಗುಳಿಗೆ, ಬಿಳಿ ಗುಳಿಗೆ" ಎಂದಷ್ಟೇ ಹೇಳಬಲ್ಲವರಾಗಿದ್ದರು.

ನಾಲ್ಕನೆಯದು ವದಂತಿ. ಅದು ಯುದ್ಧದ ಆಯುಧಗಳಲ್ಲಿ ಅತ್ಯಂತ ಅಗ್ಗವಾದದ್ದು. ಆ ಮೇ ತಿಂಗಳ ಎರಡನೆಯ ವಾರದಲ್ಲಿ ಎಟಿಎಂಗಳು ಎರಡು ಮೂರು ದಿನ ಮುಚ್ಚುತ್ತವೆ ಎಂಬ ಸಂದೇಶ ಹರಡಿತು. ಅದು ಸುಳ್ಳೆಂದು ಕೇಂದ್ರದ ವಾರ್ತಾ ಸಂಸ್ಥೆ ಹೇಳಬೇಕಾಯಿತು. ಪೆಟ್ರೋಲು ಸಾಕಷ್ಟಿದೆಯೆಂದು ತೈಲ ಕಂಪನಿ ಪ್ರಕಟಿಸಬೇಕಾಯಿತು. ದಾಸ್ತಾನು ಅಗತ್ಯಕ್ಕಿಂತ ಎಷ್ಟೋ ಹೆಚ್ಚಿದೆ, ಆತಂಕದ ಸಂದೇಶಗಳನ್ನು ನಂಬಬೇಡಿ ಎಂದು ಧಾರವಾಡದ ಸಂಸದರೂ ಕೇಂದ್ರ ಆಹಾರ ಸಚಿವರೂ ಆಗಿದ್ದ ಪ್ರಹ್ಲಾದ ಜೋಶಿಯವರು ಮೇ 9ರಂದು ಹೇಳಬೇಕಾಯಿತು. ಬೇರೆ ಯುದ್ಧದ ಹಳೆಯ ದೃಶ್ಯಗಳನ್ನು ಅಂದಿನವೆಂದು ಹಂಚಿದವರಲ್ಲಿ ವಿದ್ಯಾವಂತರೂ ಇದ್ದರು. ವದಂತಿಯ ಇನ್ನೊಂದು ಕೆಲಸ ಇದಕ್ಕಿಂತ ಘೋರ. ಅದು ನೆರೆಯವನನ್ನು ಶತ್ರುವನ್ನಾಗಿ ಮಾಡುತ್ತದೆ. 1914ರ ಸಂಗತಿಯನ್ನು ನಾವು ಸ್ಮರಿಸಿದ್ದು ಅದಕ್ಕಾಗಿಯೇ: ಯುದ್ಧ ಘೋಷಣೆಯಾದ ಮರುದಿನ ಜನರನ್ನು ಅವರು ಮಾಡಿದ ಕೆಲಸದಿಂದಲ್ಲ, ಅವರಿಗೆ ಅಂಟಿದ ಹೆಸರಿನಿಂದ ಅಳೆಯುವುದು ಎಷ್ಟು ಸುಲಭವಾಗುತ್ತದೆ! ಫಕೀರೇಶ್ವರರ ಶಿರಹಟ್ಟಿ, ಬಸದಿ-ಗುಡಿ-ಮಸೀದಿಗಳ ಲಕ್ಷ್ಮೇಶ್ವರ ನಮ್ಮವು. ಆಪತ್ತಿನ ರಾತ್ರಿಯಲ್ಲಿ ನಮ್ಮ ಊರುಗಳಲ್ಲಿ ಸೈರನ್ನಿಗಿಂತ ಮೊದಲು ಕೇಳಿಸುವುದು ಗುಡಿಯ ಧ್ವನಿವರ್ಧಕ, ಮಸೀದಿಯ ಮೈಕು, ಚರ್ಚಿನ ಗಂಟೆ. ಈ ಮೂರೂ ಒಂದೇ ಸತ್ಯವನ್ನು ಸಾರುವಂತಿರಬೇಕಾದರೆ ಅವುಗಳ ಹಿಂದಿರುವ ಜನರಿಗೆ ಪರಸ್ಪರ ಪರಿಚಯವಿರಬೇಕು. ಆ ಪರಿಚಯವನ್ನು ಶಾಂತಿಯ ದಿನಗಳಲ್ಲಿಯೇ ಮಾಡಿಕೊಳ್ಳಬೇಕಾಗುತ್ತದೆ.

ಬೇರೆ ದೇಶಗಳು ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಸ್ವೀಡನ್ 2024ರ ನವೆಂಬರಿನಲ್ಲಿ, ಆಪತ್ತು ಅಥವಾ ಯುದ್ಧ ಬಂದರೆ ಏನು ಮಾಡಬೇಕೆಂಬ ಕಿರುಹೊತ್ತಿಗೆಯನ್ನು ಪ್ರತಿಯೊಂದು ಮನೆಗೂ ಕಳುಹಿಸಿತು. ಯುರೋಪಿನ ಒಕ್ಕೂಟವು 2025ರ ಮಾರ್ಚಿನಲ್ಲಿ ತನ್ನ ನಾಗರಿಕರಿಗೆ ಕನಿಷ್ಠ 72 ಗಂಟೆಗಳಿಗೆ ಸಾಲುವಷ್ಟು ಅಗತ್ಯವಸ್ತುಗಳನ್ನು ಇಟ್ಟುಕೊಳ್ಳುವಂತೆ ಸಲಹೆ ನೀಡಿತು. ನಮ್ಮಲ್ಲಿ 1968ರ ನಾಗರಿಕ ರಕ್ಷಣಾ ಕಾಯ್ದೆಯಿದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಕಾಗದದ ಮೇಲೆ ಕೊರತೆಯಿಲ್ಲ. ಮನೆಯ ಬಾಗಿಲವರೆಗೆ ಬಂದು ತಲುಪುವ ತಿಳಿವಳಿಕೆಯ ಕೊರತೆಯಿದೆ. ನದಿಯ ದಂಡೆಯ ಪಂಪುಗಳಿಗೆ ಬದಲಿ ವಿದ್ಯುತ್ ಎಷ್ಟು ಗಂಟೆಗಿದೆ, ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಎಷ್ಟು ದಿನಕ್ಕಿದೆ ಎಂದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳನ್ನು ಕೇಳುವ ಹಕ್ಕು ನಮಗಿದೆ. ಕೇಳುವ ಕರ್ತವ್ಯವೂ ಇದೆ.

ಆದರೆ ಸ್ವೀಡನ್ನಿನ ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತಂದು ಹಂಚಿದರೆ ನಮ್ಮ ಕೆಲಸ ಮುಗಿಯುವುದೇ? ಇಲ್ಲಿಯೇ ನಮ್ಮ ವಿಚಾರದ ತಿರುಳಿದೆ. ಕದನವಿರಾಮದ ಮರುವಾರ ನಾವು ಕೆಲವು ಮನೆಗಳಿಗೆ ಹೋಗಿ, "ಮನೆಯಲ್ಲಿ ಎಷ್ಟು ದಿನದ ಹಿಟ್ಟು ಇದೆ?" ಎಂದು ಕೇಳಿದೆವು. ಸಂಬಳದ ಮನೆಯವರು "ಈ ತಿಂಗಳ ಕೊನೆಯವರೆಗೆ" ಎಂದರು. ಹೊಲವುಳ್ಳವರು "ಮುಂದಿನ ಸುಗ್ಗಿಯವರೆಗೆ ಜೋಳ ಇದೆ" ಎಂದರು. ಕೂಲಿ ಮಾಡುವ ಒಬ್ಬ ವಿಧವೆ ತಾಯಿ ಹೀಗೆಂದರು: "ಫಾದರ್, ನಮ್ಮ ಮನ್ಯಾಗ ನಾಳಿನ ಹಿಟ್ಟು ನಾಳೆನ ಬರತೈತ್ರಿ. ನೀವು ಯುದ್ಧ ಬಂದ್ರ ಅಂತ ಕೇಳ್ತೀರಿ. ಮಳಿ ಹತ್ತಿ ಮೂರು ದಿನ ಕೂಲಿ ನಿಂತ್ರ ನಮಗ ಅದ ಯುದ್ಧ ನೋಡ್ರಿ."

ಮೂರು ದಿನ! ಯುರೋಪಿನ ಒಕ್ಕೂಟ ಹೇಳಿದ 72 ಗಂಟೆಗಳೂ ಅಷ್ಟೇ. ಒಬ್ಬರಿಗೆ ಅದು ಸಿದ್ಧತೆಯ ಅಳತೆ. ಈ ತಾಯಿಗೆ ಅದು ಉಪವಾಸದ ಅಳತೆ. ಸಂಗ್ರಹಿಸಲು ಮೊದಲು ಮಿಗಬೇಕು. ಮಿಗದ ಮನೆಗೆ ಸಂಗ್ರಹದ ಉಪದೇಶ ಮಾಡುವುದು ಅಪಹಾಸ್ಯವಾದೀತು. ಇದನ್ನು ನಾವು 2020ರ ಮಾರ್ಚಿನ ಕೊನೆಯಲ್ಲಿಯೇ ಕಲಿಯಬೇಕಾಗಿತ್ತು. ಕೊರೋನಾದ ದಿಗ್ಬಂಧನ ಘೋಷಣೆಯಾದ ರಾತ್ರಿ ಹಣವುಳ್ಳವರು ಅಂಗಡಿಗಳನ್ನು ಬರಿದು ಮಾಡಿದರು. ಗೋವೆಗೂ ಮಂಗಳೂರಿಗೂ ದುಡಿಯಲು ಹೋಗಿದ್ದ ನಮ್ಮ ತಾಂಡಾಗಳ, ಹಳ್ಳಿಗಳ ಜನ ಕೆಲಸವೂ ಇಲ್ಲದೆ ಬಸ್ಸೂ ಇಲ್ಲದೆ ಪರದಾಡಿದರು. ಆಪತ್ತಿನ ಮೊದಲ ದಿನ ಉಳ್ಳವರು ಭಯದಿಂದ ಎರಡು ಪಟ್ಟು ಕೊಂಡದ್ದು ಎರಡನೆಯ ದಿನ ಇಲ್ಲದವರ ಪಾಲಿನ ಬೆಲೆಯೇರಿಕೆಯಾಗುತ್ತದೆ. ಆದುದರಿಂದ ಸಿದ್ಧತೆಗೂ ದಾಸ್ತಾನುಕೋರತನಕ್ಕೂ ನಡುವೆ ಒಂದು ಗೆರೆಯಿದೆ. ಆ ಗೆರೆ ಎಲ್ಲಿದೆ?

ದೈವಗ್ರಂಥವನ್ನು ಮೇಲುಮೇಲೆ ಓದಿದರೆ ಗೊಂದಲವೇ ಆಗುತ್ತದೆ. ಈಜಿಪ್ಟಿನ ಜೋಸೆಫನು ಏಳು ವರ್ಷ ಧಾನ್ಯ ಕೂಡಿಟ್ಟು ಹೊಗಳಿಕೆಗೆ ಪಾತ್ರನಾದ. ಶುಭಸಂದೇಶದ ಸಿರಿವಂತನು ದೊಡ್ಡ ಕಣಜ ಕಟ್ಟಹೊರಟು ಮೂರ್ಖನೆನಿಸಿಕೊಂಡ. ಇಬ್ಬರೂ ಮಾಡಿದ್ದು ಸಂಗ್ರಹವೇ. ವ್ಯತ್ಯಾಸವಿರುವುದು ಕಣಜದ ಗಾತ್ರದಲ್ಲಲ್ಲ. ಅದರ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದರಲ್ಲಿ. ಜೋಸೆಫನ ಕಣಜವು ಬರಗಾಲದಲ್ಲಿ ಊರಿಗೆಲ್ಲ, ತನ್ನನ್ನು ಮಾರಿದ ಅಣ್ಣಂದಿರಿಗೂ ತೆರೆಯಿತು. ಸಿರಿವಂತನ ಕಥೆಯಲ್ಲಿ ಅವನ ಹೊರತು ಇನ್ನೊಬ್ಬ ಮನುಷ್ಯನೇ ಇಲ್ಲ. ಅವನು ಮಾತನಾಡುವುದೂ ತನ್ನೊಡನೆಯೇ. ಸಂತ ತೋಮಸ್ ಅಕ್ವಿನಾಸರು ಮುಂದಾಲೋಚನೆಯನ್ನು ವಿವೇಕವೆಂಬ ಸದ್ಗುಣದ ಒಂದು ಅಂಗವೆಂದು ವಿವರಿಸಿದರು. ನಾಳೆಯ ಬಗ್ಗೆ ಯೋಚಿಸುವುದು ಅವಿಶ್ವಾಸವಲ್ಲ. ಆದರೆ ಅವರೇ, ಪ್ರಾಣಾಪಾಯದಂತಹ ಕೊರತೆ ಬಂದಾಗ ಭೂಮಿಯ ವಸ್ತುಗಳು ಎಲ್ಲರಿಗೂ ಸೇರಿದವಾಗುತ್ತವೆ ಎಂದೂ ಬೋಧಿಸಿದರು. ಈ ಎರಡು ಮಾತುಗಳನ್ನು ಕೂಡಿಸಿದರೆ ಗೆರೆ ಕಾಣಿಸುತ್ತದೆ: ನಮ್ಮ ಸಂಗ್ರಹ ಮಿತವಾಗಿರಬೇಕು, ಶಾಂತಿಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಆಗಿರಬೇಕು, ಅದರಲ್ಲಿ ನೆರೆಯವರ ಪಾಲು ಮೊದಲೇ ಎಣಿಸಿರಬೇಕು.

ಇದು ಪಶ್ಚಿಮದಿಂದ ಕಲಿಯಬೇಕಾದ ಪಾಠವಲ್ಲ. ನಮ್ಮ ಭಾಗದ ಹಿರಿಯರಿಗೆ ಇದು ಗೊತ್ತಿತ್ತು. ಮನೆಯ ಮುಂದೆ, ಊರ ನಡುವೆ ಹಗೇವು ತೋಡಿ ಜೋಳ ತುಂಬಿ ಮಣ್ಣು ಮುಚ್ಚುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದನ್ನು ತೆಗೆಯುತ್ತಿದ್ದರು. 1876-78ರ ಭೀಕರ ಬರವನ್ನು ಕಂಡ ನಾಡಿದು. ಕೂಡಿಡುವ ಬುದ್ಧಿಯ ಬೆಲೆ ಅದಕ್ಕೆ ತಿಳಿದಿತ್ತು. ಒಬ್ಬೊಬ್ಬರೇ ಕೂಡಿಟ್ಟರೆ ಸಾಲದು ಎಂಬುದೂ ತಿಳಿದಿತ್ತು: 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಗೆ ಅದು ತೊಟ್ಟಿಲಾಯಿತು. ಚಿಕ್ಕ ಚಿಕ್ಕ ಹಣವನ್ನು ಒಟ್ಟುಗೂಡಿಸಿ, ಯಾರಿಗೆ ಕಷ್ಟವೋ ಅವರಿಗೆ ಕೊಟ್ಟು, ಮರಳಿ ಪಡೆಯುವ ವಿಶ್ವಾಸ ಅದರ ಬಂಡವಾಳ. ನಮ್ಮ ಅಡುಗೆಮನೆಯೂ ಇದೇ ಬುದ್ಧಿಯನ್ನು ಉಳಿಸಿಕೊಂಡಿದೆ. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಚುರುಮುರಿ ಇವಕ್ಕೆ ತಿನ್ನುವಾಗ ಬೆಂಕಿ ಬೇಡ, ವಿದ್ಯುತ್ತೂ ಬೇಡ. ಆಪತ್ಕಾಲದ ಆಹಾರ ಯಾವುದೆಂದು ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಹುಡುಕಬೇಕಾಗಿಲ್ಲ. ಅಜ್ಜಿಯನ್ನು ಕೇಳಿದರೆ ಸಾಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲೂಕುಗಳ ದಂಡೆಯ ಊರುಗಳು ಮುಳುಗಿದಾಗ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಿಂದ ನೆರೆ ಸಂತ್ರಸ್ತರಿಗೆ ಮೊದಲು ಹೊರಟದ್ದು ಇದೇ ರೊಟ್ಟಿಯ ಗಂಟುಗಳು.

ಆದುದರಿಂದ ಕುಟುಂಬಗಳಿಗೆ ನಾವು ಹೇಳಬಯಸುವುದು ಹೆಚ್ಚಿಲ್ಲ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ತಲೆಗೆ ಸುಮಾರು 3 ಲೀಟರ್ ನೀರು ಬೇಕು. ಐದು ಜನರ ಮನೆಗೆ ಮೂರು ದಿನಕ್ಕೆ 45 ಲೀಟರ್, ಎಂದರೆ ಮೂರು ದೊಡ್ಡ ಕೊಡಗಳು, ಬೇಸಿಗೆಯಲ್ಲಿ ನಾಲ್ಕು. ಅವನ್ನು ಮುಚ್ಚಿಟ್ಟು ಆಗಾಗ ಬದಲಿಸಿರಿ. ಬೆಂಕಿ ಬೇಡದ ಆಹಾರ ಮೂರು ದಿನಕ್ಕಿರಲಿ. ಟಾರ್ಚು, ಕಡ್ಡಿಪೆಟ್ಟಿಗೆಗಳಿಗೆ ಒಂದೇ ಜಾಗವಿರಲಿ, ಮಕ್ಕಳಿಗೂ ಅದು ತಿಳಿದಿರಲಿ. ನಿತ್ಯದ ಔಷಧಿ ಒಂದು ವಾರಕ್ಕೆ ಹೆಚ್ಚಿರಲಿ, ಅವುಗಳ ಹೆಸರಿನ ಚೀಟಿ ಗೋಡೆಯ ಮೇಲಿರಲಿ. ಸಣ್ಣ ನೋಟುಗಳಲ್ಲಿ ಸ್ವಲ್ಪ ಹಣ, ಪಡಿತರ ಚೀಟಿ ಮತ್ತು ಆಧಾರ್ ಒಂದು ಚೀಲದಲ್ಲಿರಲಿ. ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸಿಗೆ 108, ಜಿಲ್ಲಾ ವಿಪತ್ತು ಸಹಾಯವಾಣಿಗೆ 1077 ಎಂಬುದನ್ನು ಬರೆದಿಡಿರಿ. ಬಂದ ಸಂದೇಶವನ್ನು ಸರಕಾರದ ಪ್ರಕಟಣೆಯೊಡನೆ ತಾಳೆ ನೋಡದೆ ಯಾರಿಗೂ ಕಳುಹಿಸಬೇಡಿರಿ. ಆಪತ್ತು ಬಂದ ದಿನ ಅಂಗಡಿಗೆ ಓಡಬೇಡಿರಿ. ಅಂದು ಅಂಗಡಿಯಲ್ಲಿರುವುದು ಹಿಂದಿನ ದಿನ ಕೊಳ್ಳಲಾಗದವರ ಪಾಲು.

ಇದರೊಡನೆ ಪ್ರತಿ ಓಣಿಗೆ ಒಂದು ಕೆಲಸವಿದೆ. ಒಂಟಿಯಾಗಿರುವವರು, ಹಾಸಿಗೆ ಹಿಡಿದವರು, ಇನ್ಸುಲಿನ್ ಮತ್ತು ಡಯಾಲಿಸಿಸ್ ಅಗತ್ಯವಿರುವವರು, ಬಸುರಿ-ಬಾಣಂತಿಯರು, ನಾಳಿನ ಹಿಟ್ಟು ನಾಳೆಯೇ ಬರುವ ಮನೆಗಳು, ಇವುಗಳ ಪಟ್ಟಿಯನ್ನು ಓಣಿಯವರೇ ಮಾಡಬೇಕು. ಪಟ್ಟಿಯಲ್ಲಿ ನಮ್ಮ ಮತದವರು, ಅವರ ಮತದವರು ಎಂಬ ಭೇದವಿರಕೂಡದು. ನೀರು ನಿಂತ ನಳ ಯಾರ ಮತವನ್ನೂ ಕೇಳುವುದಿಲ್ಲ. ಪ್ರತಿಯೊಂದು ಹೆಸರಿನ ಮುಂದೆ, ಆಪತ್ತಿನ ದಿನ ಆ ಬಾಗಿಲನ್ನು ಯಾರು ತಟ್ಟುತ್ತಾರೆ ಎಂಬ ಇನ್ನೊಂದು ಹೆಸರಿರಬೇಕು. ಆ ಎರಡನೆಯ ಹೆಸರಿಲ್ಲದ ಪಟ್ಟಿ ಕಡತವಾಗುತ್ತದೆಯೇ ಹೊರತು ಸಿದ್ಧತೆಯಾಗುವುದಿಲ್ಲ.

ಸಿದ್ಧತೆಯ ಮಾತನಾಡುವುದು ಯುದ್ಧವನ್ನು ಬಯಸಿದಂತೆ ಎಂದು ಯಾರೂ ಭಾವಿಸಬಾರದು. ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಮೂರೇ ದಿನಗಳಲ್ಲಿ, ಮೇ 11ರ ಭಾನುವಾರದ ತಮ್ಮ ಮೊದಲ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಭಾರತ-ಪಾಕಿಸ್ತಾನಗಳ ಕದನವಿರಾಮವನ್ನು ಸ್ವಾಗತಿಸಿ ಶಾಶ್ವತ ಶಾಂತಿಗಾಗಿ ಕರೆಯಿತ್ತರು. ಶಾಂತಿಗಾಗಿ ಪ್ರಾರ್ಥಿಸುವ ಕೈಯೇ ಕೊಡವನ್ನೂ ತುಂಬಿಡಬೇಕು. ನೆರೆಯವನ ಹಸಿವನ್ನು ಮೊದಲೇ ಎಣಿಸಿಟ್ಟ ಓಣಿಯಲ್ಲಿ ಭಯಕ್ಕೆ ಜಾಗ ಕಡಿಮೆ. ಭಯ ಕಡಿಮೆಯಿರುವಲ್ಲಿ ದ್ವೇಷಕ್ಕೂ ಜಾಗ ಕಡಿಮೆ.

ಕೊನೆಗೆ ಒಂದು ಮಾತು. ನಾವು ಪಟ್ಟಿಯ ವಿಚಾರವನ್ನು ಹೇಳಿದಾಗ ಆ ವಿಧವೆ ತಾಯಿಯ ಹೆಸರನ್ನೇ ಮೊದಲು ಬರೆಯಹೊರಟೆವು. ಅವರು ತಡೆದರು. "ನನ್ನ ಹೆಸರು ಆಮ್ಯಾಲ ಬರೀರಿ ಫಾದರ್. ಹಿಂದಿನ ಓಣ್ಯಾಗ ಕಣ್ಣು ಕಾಣದ ಅಜ್ಜಿ ಒಬ್ಬಾಕಿ ಅದಾಳ, ಮಗ ಪುಣೇದಾಗ. ಆಕಿದು ಮೊದಲ ಬರೀರಿ. ಬಾಗಲಾ ಬಡಿಯಾಕ ನನ್ನ ಹೆಸರ ಹಾಕ್ರಿ." ಆ ಅಜ್ಜಿಯ ಹೆಸರು ನಮ್ಮ ಯಾವ ಪುಸ್ತಕದಲ್ಲಿಯೂ ಇರಲಿಲ್ಲ, ಅವರು ನಮ್ಮ ಸಭೆಯವರೂ ಅಲ್ಲ. ಆ ಸಂಜೆಯೊಳಗೆ ಅದೇ ತಾಯಿ ಇನ್ನೂ ಕೆಲವು ಬಾಗಿಲುಗಳನ್ನು ತೋರಿಸಿದರು. ಮಿಗುವಷ್ಟು ಹಿಟ್ಟಿಲ್ಲದ ಮನೆಯಿಂದ ನಮ್ಮ ಪಟ್ಟಿಯ ಮೊದಲ ಪುಟ ತುಂಬಿತು. ಪುಸ್ತಕ ಈಗ ದೇವಾಲಯದ ಬಾಗಿಲ ಬಳಿಯ ಮೇಜಿನ ಮೇಲಿದೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಪ್ರತಿಯೊಂದು ಕುಟುಂಬವೂ ಅದರಲ್ಲಿ ತನ್ನ ಅಗತ್ಯವನ್ನೋ, ತಾನು ತಟ್ಟಲಿರುವ ಬಾಗಿಲನ್ನೋ ಬರೆಯಲಿ ಎಂಬುದು ನಮ್ಮ ವಿನಂತಿ.